ಸತ್ತ ಮರಿಗೆ ಪರಿಹಾರ, ಈಯುವ ಕುರಿಗೆ ಉಪವಾಸ!

ಯುಗಾದಿ ಮಾರನೆಯ ದಿನ ಹೊಸತೊಡಕಿಗೆಂದು ಬೆಳಗಿನ ಜಾವಕ್ಕೇ ಮಟನ್ ಅಂಗಡಿ ಮುಂದೆ ಚೀಲ ಹಿಡಿದು ನಿಲ್ಲುವ ಮಹನೀಯರಿಗೆ ಒಂದು ಪ್ರಶ್ನೆ. ಕಿಲೊಗೆ ಎಂಟುನೂರರ ಆಸುಪಾಸು ಎಣಿಸಿ ಕೊಟ್ಟು ಬರುತ್ತೀರಲ್ಲ, ಆ ದರ ತೀರ್ಮಾನವಾಗುವುದು ಎಲ್ಲಿ? ಕಟುಕನ ಅಂಗಡಿಯಲ್ಲಿ ಅಂತೀರಿ. ಅಲ್ಲ, ಸಂತೆಯಲ್ಲಿ ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದಾಗ ಅನ್ನುವವರೂ ಇದ್ದಾರೆ. ಎರಡೂ ಅರ್ಧ ನಿಜ. ಮುಂದಿನ ವರ್ಷದ ಹೊಸತೊಡಕಿಗೆ ಎಷ್ಟು ಕುರಿ ಸಂತೆಗೆ ಬಂದೀತು ಎಂಬ ಲೆಕ್ಕದ ದೊಡ್ಡ ಪಾಲು ಈ ವರ್ಷದ ಶಿವರಾತ್ರಿಗೂ ಯುಗಾದಿಗೂ ನಡುವೆಯೇ ಮುಗಿದುಹೋಗಿರುತ್ತದೆ. ಮುಗಿಯುವ ಜಾಗ, ತೆರಕಣಾಂಬಿಯಂಥ ಊರುಗಳ ಸುತ್ತಲಿನ ಕುರಿಹಟ್ಟಿ.

ಅದು ಕುರಿ ಈಯುವ ಕಾಲ. ಗುಂಡ್ಲುಪೇಟೆಯಿಂದ ಚಾಮರಾಜನಗರದ ಬಸ್ಸು ಹತ್ತಿ ತೆರಕಣಾಂಬಿ ದಾಟುವವರು ಕಿಟಕಿಯಾಚೆ ನೋಡಿದರೆ ಸಾಕು. ಮಂದೆಯ ಹಿಂದೆ ಬರುವಾತನ ಕಂಬಳಿಯೊಳಗೆ ಒಂದು ಮರಿ, ಕಂಕುಳಲ್ಲಿ ಇನ್ನೊಂದು. ಸಂತೆ ದಿನವಾದರೆ ಸೀಟಿನ ಕೆಳಗಿನ ಗೋಣಿಚೀಲದಿಂದಲೂ ‘ಮ್ಯಾ’ ಎಂಬ ಸದ್ದು ಬರುವುದುಂಟು. ನೋಡೋದಕ್ಕೆ ಚೆಂದ. ಆದರೆ ಹಟ್ಟಿಯೊಳಗಿನ ಕಥೆ ಅಷ್ಟು ಚೆಂದವಿಲ್ಲ.

ಎಲ್ಲಿಯ ವಸಂತ, ಯಾರಿಗೆ ವಸಂತ?

ಪಂಚಾಂಗ ನೋಡಿದರೆ ವಸಂತ ಋತು ಹೊಸ್ತಿಲಲ್ಲಿ ನಿಂತಿರುತ್ತದೆ. ಮಾವು ಹೂ ಬಿಟ್ಟಿರುತ್ತದೆ, ಹೊಂಗೆ ಚಿಗುರಿರುತ್ತದೆ. ಆದರೆ ಹೊಂಗೆ ಚಿಗುರು ಕುರಿ ಬಾಯಿಗೆ ಎಟುಕುವುದಿಲ್ಲ. ಕುರಿ ಬಾಯಿಗೆ ಎಟುಕುವ ನೆಲದ ಹುಲ್ಲು ಆ ಹೊತ್ತಿಗೆ ಒಣಗಿ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಎಷ್ಟು ಒಣಗಿರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. 2019ರಲ್ಲಿ ಬಂಡೀಪುರದ ಕಾಡು ದಿನಗಟ್ಟಲೆ ಹೊತ್ತಿ ಉರಿದದ್ದು ಇದೇ ಫೆಬ್ರವರಿ ಕೊನೆಯಲ್ಲಿ. ಕಾಡೇ ಹಾಗೆ ಕಾದಿರುವಾಗ ಊರ ಬದಿಯ ಬಯಲಿನ ಪಾಡು ಕೇಳಬೇಕೆ?

ಇಂಗ್ಲೆಂಡು, ಸ್ಕಾಟ್ಲೆಂಡುಗಳಲ್ಲೂ ಕುರಿ ಈಯುವುದು ಬಹುಮಟ್ಟಿಗೆ ಮಾರ್ಚ್, ಏಪ್ರಿಲ್ ತಿಂಗಳಲ್ಲೇ. ಆದರೆ ಅಲ್ಲಿ ಆಗ ಚಳಿ ಕಳೆದು ಹೊಸ ಹುಲ್ಲು ಏಳುತ್ತಿರುತ್ತದೆ. ಅಲ್ಲಿನ ಕುರಿ ಹಗಲು ಗಿಡ್ಡವಾಗುತ್ತ ಬರುವ ಕಾಲದಲ್ಲಿ ಬೆದೆಗೆ ಬರುತ್ತದೆ. ಐದು ತಿಂಗಳು ಹೊತ್ತು ಈಯುವ ಹೊತ್ತಿಗೆ ತಾಯಿಗೆ ಹಸಿರು, ಮರಿಗೆ ಹಾಲು. ಲೆಕ್ಕ ಸರಿಹೋಗುತ್ತದೆ.

ನಮ್ಮ ಕುರಿಗೆ ಹಗಲು ಉದ್ದವೋ ಗಿಡ್ಡವೋ ಅಷ್ಟಾಗಿ ತಟ್ಟುವುದಿಲ್ಲ. ಹೊಟ್ಟೆ ತುಂಬಿ ಮೈ ಹಿಡಿದರೆ ಬೆದೆಗೆ ಬರುತ್ತದೆ. ಹೊಟ್ಟೆ ತುಂಬುವುದು ಮಳೆಯ ಹಿಂದೆ. ನಮ್ಮದು ಘಟ್ಟದ ಮಳೆನೆರಳಿನ ಸೀಮೆ. ಇಲ್ಲಿ ಮಳೆ ವರ್ಷಕ್ಕೆ ಎರಡು ಸಲ ಜೋರಾಗುತ್ತದೆ. ಏಪ್ರಿಲ್, ಮೇ ತಿಂಗಳ ಅಶ್ವಿನಿ, ಭರಣಿ, ಕೃತ್ತಿಕೆ ಮಳೆ ಒಂದು. ಸೆಪ್ಟೆಂಬರ್, ಅಕ್ಟೋಬರಿನದು ಇನ್ನೊಂದು. ಮೊದಲನೆಯ ಮಳೆಯ ಹುಲ್ಲಿಗೆ ಗಬ್ಬವಾದವು ದೀಪಾವಳಿಯ ಹಿಂದೆಮುಂದೆ ಈಯುತ್ತವೆ. ಆಗ ಬದುವಿನಲ್ಲಿ ಹಸಿರಿರುತ್ತದೆ, ಕೆರೆಯಲ್ಲಿ ನೀರಿರುತ್ತದೆ. ಮಹಾನವಮಿ ಹೊತ್ತಿಗೆ ಗಬ್ಬವಾದವು ಸುಮಾರು 150 ದಿನ ಹೊತ್ತು, ಶಿವರಾತ್ರಿ ಕಳೆದು ಯುಗಾದಿಯೊಳಗೆ ಈಯುತ್ತವೆ. ಅಂದರೆ ಹುಲ್ಲು ಕಂಡು ಗಬ್ಬ, ಬಿಸಿಲು ಕಂಡು ಬಾಣಂತನ!

ಹಾಗಾದರೆ ಈ ಎರಡನೆಯ ಸೂಲನ್ನೇ ತಪ್ಪಿಸಬಾರದೇ ಎಂದು ಪೇಟೆಯವರು ಕೇಳಬಹುದು. ಎರಡು ವರ್ಷಕ್ಕೆ ಮೂರು ಸೂಲು ಸಿಕ್ಕರೆ ಮಾತ್ರ ಇಪ್ಪತ್ತು ಮೂವತ್ತು ಕುರಿಯ ಹಟ್ಟಿ ಒಂದು ಸಂಸಾರವನ್ನು ಸಾಕೀತು. ವರ್ಷಕ್ಕೆ ಒಂದೇ ಸೂಲು ಅಂದರೆ ಹಟ್ಟಿ ಮುಚ್ಚಿದಂತೆ. ಆದ್ದರಿಂದ ಬೇಸಗೆಯ ಮರಿ ಹುಟ್ಟುತ್ತದೆ, ಹುಟ್ಟಲೇಬೇಕು. ಅದನ್ನು ಉಳಿಸುವುದು ಹೇಗೆ ಎಂಬುದೇ ಇವತ್ತಿನ ಮಾತು.

ಮರಿ ಸಾಯುವುದು ಯಾತಕ್ಕೆ?

‘ಮರಿ ಹೋಯ್ತು ಬುದ್ಧಿ, ಋಣ ಇರಲಿಲ್ಲ’ ಎಂದು ಕುರಿಯವರು ಹೇಳಿ ಸುಮ್ಮನಾಗುವುದುಂಟು. ಋಣದ ಮಾತು ಹಾಗಿರಲಿ, ಹಸಿವಿನ ಲೆಕ್ಕ ನೋಡೋಣ.

ಹೊಟ್ಟೆಯೊಳಗಿನ ಮರಿ ಬೆಳೆಯುವುದು ಬಹುಪಾಲು ಗಬ್ಬದ ಕೊನೆಯ ಆರು ವಾರದಲ್ಲಿ. ನಮ್ಮ ಕಡೆಯ ಮರಿ ಹುಟ್ಟುವಾಗ ಎರಡು, ಎರಡೂವರೆ ಕಿಲೊ ತೂಗಿದರೆ ಗಟ್ಟಿ. ತಾಯಿ ಆ ಆರು ವಾರ ಒಣ ಕಡ್ಡಿ ಕಚ್ಚಿಕೊಂಡು ದಿನಕ್ಕೆ ಮೈಲಿಗಟ್ಟಲೆ ನಡೆದಿದ್ದರೆ ಮರಿ ಸೊರಗಿ ಹುಟ್ಟುತ್ತದೆ. ಕೆಚ್ಚಲೂ ಸೊರಗಿರುತ್ತದೆ. ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಮರಿಯ ಹೊಟ್ಟೆಗೆ ಬೀಳಬೇಕು. ರೋಗ ತಡೆಯುವ ಶಕ್ತಿ ಮರಿಗೆ ಸಿಗುವುದು ಅದರಿಂದಲೇ. ಗಿಣ್ಣೇ ಇಲ್ಲದ ಮರಿ ನಾಲ್ಕು ದಿನಕ್ಕೆ ಭೇದಿಯಾಗಿ ಮಲಗಿದರೆ, ಎಂಟು ದಿನಕ್ಕೆ ಕೆಮ್ಮಿ ಹೋದರೆ ಅದಕ್ಕೆ ಯಾವ ದೈವವನ್ನು ದೂರೋಣ?

ಅವಳಿ ಹೊತ್ತ ಕುರಿಯ ಪಾಡು ಇನ್ನೂ ಕಷ್ಟ. ಎರಡು ಜೀವಕ್ಕೆ ತನ್ನ ಮೈಯ ಕೊಬ್ಬನ್ನೇ ಕರಗಿಸಿಕೊಟ್ಟು, ಕೊನೆಗೆ ಮಂಕು ಹಿಡಿದು ಮೇವು ಬಿಟ್ಟು ಮಲಗುತ್ತದೆ. ಕೆಲವು ಕಂದು ಹಾಕುತ್ತವೆ. ಕೆಲವು ಈದರೂ ಮರಿಯನ್ನು ಹತ್ತಿರ ಸೇರಿಸುವುದಿಲ್ಲ, ಒದ್ದು ಓಡಿಸುತ್ತವೆ. ‘ಹಾಳು ಕುರಿ, ಮರಿ ಮೇಲೆ ಪ್ರೀತಿ ಇಲ್ಲ’ ಅಂತ ಜನ ಬಯ್ಯುತ್ತಾರೆ. ಪ್ರೀತಿ ಇಲ್ಲದೆ ಏನು, ಹಾಲಿಲ್ಲ ಅಷ್ಟೇ.

ಮೇವು ಎಲ್ಲಿ ಹೋಯಿತು?

ಹಿಂದೆ ಹುರುಳಿ, ಜೋಳ, ಅವರೆ ಕಿತ್ತ ಮೇಲೆ ಹೊಲ ಯುಗಾದಿವರೆಗೆ ಬೀಳು ಬಿದ್ದಿರುತ್ತಿತ್ತು. ಕುರಿ ಅಲ್ಲಿ ಮೇಯುತ್ತಿತ್ತು, ರಾತ್ರಿ ಅಲ್ಲೇ ಮಂದೆ ನಿಲ್ಲುತ್ತಿತ್ತು. ರೈತನಿಗೆ ಗೊಬ್ಬರ, ಕುರಿಯವನಿಗೆ ಮೇವು, ಮೇಲೆ ಒಂದಿಷ್ಟು ಕಾಳು. ಈಗ ಬೋರ್‌ವೆಲ್ ಬಂದಿದೆ. ಕೋಸು, ಬೀಟ್ರೂಟು, ಟೊಮೆಟೊ, ಬಾಳೆ, ಅರಿಸಿನ ಅಂತ ಬೆಳೆಯ ಮೇಲೆ ಬೆಳೆ. ಹೊಲದ ಸುತ್ತ ತಂತಿ ಬೇಲಿ. ರೈತ ಬೆಳೆಯುವುದು ತಪ್ಪಲ್ಲ, ಬೆಳೆಯಲೇಬೇಕು. ಆದರೆ ಬೀಳು ಹೊಲವೆಂಬುದು ಬೇಸಗೆಯಲ್ಲಿ ಕಾಣದಂತಾಯಿತು. ತರಕಾರಿ ಕಿತ್ತ ಹೊಲಕ್ಕೆ ಯಾರಾದರೂ ಕರೆದು ಬಿಟ್ಟರೂ, ಮೊನ್ನೆ ಯಾವ ಔಷಧಿ ಹೊಡೆದಿದ್ದರೋ ಎಂಬ ಅಂಜಿಕೆ.

ಗೋಮಾಳದ ಮಾತು ಎತ್ತುವುದೇ ಬೇಡ ಅನಿಸುತ್ತದೆ. ನೂರು ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕು ಎಂದು ಕಂದಾಯದ ನಿಯಮ ಹೇಳುತ್ತದೆ. ನಿಯಮ ಕಾಗದದಲ್ಲಿ ಹಸಿರಾಗಿದೆ. ಉಳಿದ ಗೋಮಾಳದಲ್ಲಿ ಲಂಟಾನ ಪೊದೆ. ಹಸಿವಿಗೆ ಆ ಸೊಪ್ಪಿಗೆ ಬಾಯಿ ಹಾಕಿದ ಕುರಿಗೆ ಕಾಮಾಲೆ ಬರುತ್ತದೆ, ಬಿಸಿಲಿಗೆ ಮುಖದ ಚರ್ಮ ಸುಲಿಯುತ್ತದೆ.

ಇನ್ನು ಕಾಡು. ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಕಾಡಿನ ಮೇವಿಗೆ ಬೀಗ ಬಿತ್ತು. ಕಾಡು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುರಿ ಕಾಡಿಗೆ ಹೋಗುವುದು ನಿಂತರೂ ಚಿರತೆ ಊರಿಗೆ ಬರುವುದು ನಿಂತಿಲ್ಲ. ಈಯುವ ಕಾಲದಲ್ಲಿ ರಾತ್ರಿ ಹಟ್ಟಿಯ ಕಾವಲು ಎರಡು ಪಟ್ಟು ಬೇಕು. ಮಂಕರಿ ಕವುಚಿ ಮುಚ್ಚಿದ ಮರಿ ರಾತ್ರಿಯೆಲ್ಲ ಅರಚುತ್ತದೆ, ಆ ಸದ್ದೇ ಸಾಕು.

ಸಂತೆಯ ಸೆಳೆತ

ಇದೇ ಹೊತ್ತಿಗೆ ಸಂತೆ ಏರುತ್ತದೆ. ಯುಗಾದಿಯ ಹೊಸತೊಡಕು, ಹಿಂದೆಮುಂದೆ ಮಾರಿಹಬ್ಬ, ಮೇಲೆ ಮದುವೆ ಕಾಲ. ಬಕ್ರೀದ್ ಕೂಡ ಈ ಕಡೆಗೇ ಸರಿಯುತ್ತಿದೆ. 2025ರಲ್ಲಿ ಜೂನ್ 7ಕ್ಕೆ ಇದ್ದ ಹಬ್ಬ ವರ್ಷವರ್ಷಕ್ಕೂ ಹತ್ತು ಹನ್ನೊಂದು ದಿನ ಮುಂಚಿತವಾಗಿ ಬರುತ್ತದೆ. ಮೈಸೂರಿನ ವ್ಯಾಪಾರಿ, ಕೇರಳದ ವ್ಯಾಪಾರಿ ಎಲ್ಲರ ಕಣ್ಣೂ ಇಲ್ಲಿಯ ಸಂತೆಗಳ ಮೇಲೆ.

ಟಗರು ಮಾರಿದರೆ ಲಾಭ, ಮಾರಲಿ. ತೊಂದರೆ ಇರುವುದು ಟಗರು ಇಲ್ಲದವನಿಗೆ. ಮೇವಿಲ್ಲ, ಕೈಯಲ್ಲಿ ಕಾಸಿಲ್ಲ, ಅಂಗಡಿಯಲ್ಲಿ ಉದ್ದರಿ ಬೆಳೆದಿದೆ. ಆತ ಈದ ಕುರಿಯನ್ನೇ ಹಿಡಿದುಕೊಂಡು ಬರುತ್ತಾನೆ, ಜೊತೆಯಲ್ಲಿ ಇಪ್ಪತ್ತು ದಿನದ ಮರಿ. ಕೆಲವೊಮ್ಮೆ ತುಂಬು ಗಬ್ಬದ್ದನ್ನೇ ತರುತ್ತಾನೆ. ಸೊರಗಿದ ಕುರಿಗೆ ಸಂತೆಯಲ್ಲಿ ಸೊರಗಿದ ಬೆಲೆ. ಅದೇ ಮರಿ ಮುಂದಿನ ವರ್ಷದ ಯುಗಾದಿಗೆ, ಬಕ್ರೀದಿಗೆ ವರ್ಷ ತುಂಬಿದ ಟಗರಾಗಿ ನಿಂತಿದ್ದರೆ? ಒಳ್ಳೆಯ ಬೆಲೆ ಕಾಣುವುದು ಆ ಟಗರೇ. ಆದರೆ ಅದು ಅಷ್ಟು ದಿನ ಇವನ ಹಟ್ಟಿಯಲ್ಲಿ ಇರುವುದಿಲ್ಲ.

ಇಲ್ಲಿ ಪೇಟೆಯ ಅಂಗಡಿಯವರಿಗೂ ಒಂದು ಮಾತು. ನಿಮ್ಮಲ್ಲೇ ಕೆಲವರು ಹಳ್ಳಿಯವರಿಗೆ ಪಾಲಿಗೆ ಕುರಿ ಬಿಟ್ಟಿದ್ದೀರಿ. ಕುರಿ ನಿಮ್ಮದು, ಸಾಕಣೆ ಅವರದು, ಹುಟ್ಟಿದ ಮರಿ ಅರ್ಧರ್ಧ. ಮರಿ ಸತ್ತರೆ ನಿಮಗೆ ತಾಯಿ ಕುರಿ ಉಳಿದಿರುತ್ತದೆ. ಪಾಲಿಗೆ ಸಾಕಿದ ಹೆಂಗಸಿಗೆ ವರ್ಷದ ದುಡಿಮೆಯೇ ಹೋಯಿತು. ಒಂದು ಮರಿ ಎಂಬುದು ಆಕೆಗೆ ಮಗಳ ಸ್ಕೂಲಿನ ಖರ್ಚು, ನಿಮ್ಮ ಅಂಗಡಿಯ ಬಾಕಿ, ಸಂಘದ ಕಂತು ಎಲ್ಲವೂ.

ಸರ್ಕಾರದ ಲೆಕ್ಕದಲ್ಲಿ ಇಲ್ಲದ ಮರಿ

ಸರ್ಕಾರ ಏನೂ ಮಾಡಿಲ್ಲ ಎಂದರೆ ಅನ್ಯಾಯವಾದೀತು. ಆಕಸ್ಮಿಕವಾಗಿ ಸತ್ತ ಕುರಿ, ಮೇಕೆಗೆ ಪರಿಹಾರ ಕೊಡುವ ‘ಅನುಗ್ರಹ’ ಯೋಜನೆ ಇದೆ. 2025ರ ಮಾರ್ಚ್ ತಿಂಗಳ ಬಜೆಟ್ಟಿನಲ್ಲಿ ದೊಡ್ಡ ಕುರಿಗೆ 5,000 ಇದ್ದದ್ದನ್ನು 7,500 ರೂಪಾಯಿಗೂ, 3ರಿಂದ 6 ತಿಂಗಳ ಮರಿಗೆ 3,500 ಇದ್ದದ್ದನ್ನು 5,000ಕ್ಕೂ ಏರಿಸುವುದಾಗಿ ಪ್ರಕಟಿಸಲಾಯಿತು. ಒಳ್ಳೆಯದೇ.

ಆದರೆ ಸ್ವಾಮಿ, ಮೂರು ತಿಂಗಳ ಕೆಳಗಿನ ಮರಿ? ಅದು ಆ ಪಟ್ಟಿಯಲ್ಲಿ ಇಲ್ಲ. ಮರಿ ಸಾಯುವ ಅಪಾಯ ಹೆಚ್ಚಿರುವುದು ಹುಟ್ಟಿದ ಮೊದಲ ತಿಂಗಳಲ್ಲಿ. ಪರಿಹಾರದ ಬಾಗಿಲು ತೆರೆಯುವುದು ನಾಲ್ಕನೆಯ ತಿಂಗಳಲ್ಲಿ. ಜಾನುವಾರು ಗಣತಿಯೂ ಅಷ್ಟೇ. 2019ರ ಗಣತಿಯಲ್ಲಿ ಕರ್ನಾಟಕಕ್ಕೆ 1 ಕೋಟಿ 10 ಲಕ್ಷ ಕುರಿ, ತೆಲಂಗಾಣ, ಆಂಧ್ರದ ನಂತರ ದೇಶಕ್ಕೆ ಮೂರನೆಯ ಸ್ಥಾನ ಎಂದು ಹೆಮ್ಮೆಪಟ್ಟೆವು. ಗಣತಿ ಎಣಿಸುವುದು ಆ ದಿನ ನಿಂತಿರುವ ತಲೆಗಳನ್ನು. ಅದಕ್ಕೆ ಮುಂಚೆ ಹುಟ್ಟಿ ಎಂಟು ದಿನಕ್ಕೆ ಹೋದದ್ದು ಯಾವ ಪುಸ್ತಕದಲ್ಲೂ ಇಲ್ಲ.

ಹಾಗಂತ ಎಳೆ ಮರಿಗೂ ಪರಿಹಾರ ಕೊಡಿ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಅದು ಆಗದ ಕೆಲಸ. ಎರಡು ಕಿಲೊ ಮರಿ ರಾತ್ರಿ ಹುಟ್ಟಿ ಬೆಳಿಗ್ಗೆ ಸತ್ತರೆ ಡಾಕ್ಟರು ಬಂದು ಮರಣೋತ್ತರ ಪರೀಕ್ಷೆ ಮಾಡಿ, ಫೋಟೊ ತೆಗೆದು, ಕಾಗದ ಬರೆಯುವುದು ಎಂದು? ಹುಟ್ಟದ ಮರಿಯೂ ಕಾಗದದಲ್ಲಿ ಸತ್ತೀತು. ಇಲಾಖೆಯ ಅನುಮಾನದಲ್ಲಿ ಹುರುಳಿದೆ. ಆದ್ದರಿಂದಲೇ ಕೇಳಬೇಕಾದದ್ದು ಬೇರೆ. ಸತ್ತ ಮೇಲೆ ದುಡ್ಡು ಬೇಡ, ಈಯುವ ಮುಂಚೆ ಕಾಳು ಕೊಡಿ.

360 ರೂಪಾಯಿಯ ಲೆಕ್ಕ

ಗಬ್ಬದ ಕೊನೆಯ 45 ದಿನ, ದಿನಕ್ಕೆ 200 ಗ್ರಾಂ ಕಾಳಿನ ನುಚ್ಚು. ಒಂದು ಕುರಿಗೆ ಒಟ್ಟು 9 ಕಿಲೊ. ಈದ ಮೇಲೆ ಒಂದು ತಿಂಗಳು ಅದೇ ಅಳತೆ ಮುಂದುವರಿಸಿದರೆ ಇನ್ನು 6 ಕಿಲೊ. ಒಟ್ಟು 15 ಕಿಲೊ. ಮುಸುಕಿನ ಜೋಳಕ್ಕೆ 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಆ ಲೆಕ್ಕದಲ್ಲಿ 15 ಕಿಲೊಗೆ 360 ರೂಪಾಯಿ. ಜೊತೆಗೆ ಒಂದಿಷ್ಟು ಹುರುಳಿ ನುಚ್ಚು, ಕಡಲೆಕಾಯಿ ಹಿಂಡಿ ಬೆರೆಸಿದರೆ ಇನ್ನೂ ಉತ್ತಮ, ಖರ್ಚೂ ಸ್ವಲ್ಪ ಏರುತ್ತದೆ.

ಇಪ್ಪತ್ತು ಕುರಿಯ ಹಟ್ಟಿಗೆ ಇದು 7,200 ರೂಪಾಯಿ. ಮೂರು ತಿಂಗಳು ದಾಟಿದ ಒಂದು ಮರಿಯ ಬೆಲೆ 5,000 ಎಂದು ಸರ್ಕಾರವೇ ಕಟ್ಟಿದೆಯಲ್ಲ? ಇಪ್ಪತ್ತರಲ್ಲಿ ಎರಡೇ ಎರಡು ಮರಿ ಹೆಚ್ಚಿಗೆ ಉಳಿದರೆ ಅಸಲು ಬಂದು ಮೇಲೆ ಉಳಿಯುತ್ತದೆ. ಉಳಿದ ಮರಿಗಳ ತೂಕ ಏರಿದ್ದು, ತಾಯಿಯನ್ನು ಅರ್ಧ ಬೆಲೆಗೆ ಮಾರುವುದು ತಪ್ಪಿದ್ದು ಪೂರಾ ಲಾಭ.

ಹಾಗಾದರೆ ಕುರಿಯವರೇ ಯಾಕೆ ಕಾಳು ಹಾಕುವುದಿಲ್ಲ? ತಿಳಿಯದೆ ಅಲ್ಲ. ‘ಮನೇಲಿ ಮಕ್ಕಳಿಗೇ ಅಳತೆ ಮಾಡಿ ಹಾಕೋವಾಗ ಕುರಿಗೆ ಎಲ್ಲಿಂದ ತರೋದು?’ ಎಂಬುದು ಅವರ ಸಮಸ್ಯೆ. ದೀಪಾವಳಿಯ ಮರಿ ಮಾರಿದ ದುಡ್ಡು ಸಂಕ್ರಾಂತಿಯೊಳಗೆ ಕರಗಿರುತ್ತದೆ. ಕಾಳು ಬೇಕಾಗುವುದು ಜನವರಿ, ಫೆಬ್ರವರಿಯಲ್ಲಿ. ಕೈ ಬರಿದಾಗುವುದೂ ಅದೇ ತಿಂಗಳಲ್ಲಿ.

ಡೈರಿ ನೋಡಿ ಕಲಿಯಬಾರದೇ?

ಪಕ್ಕದ ಮನೆಯ ಹಸುವನ್ನು ನೋಡಿ. ಅದಕ್ಕೆ ಊರ ಡೈರಿ ಇದೆ, ಡೈರಿಗೆ ಚಾಮುಲ್ ಇದೆ. ಪಶು ಆಹಾರದ ಮೂಟೆ ಸಂಘದಲ್ಲೇ ಸಿಗುತ್ತದೆ, ದುಡ್ಡು ಹಾಲಿನ ಬಟವಾಡೆಯಲ್ಲಿ ಮುರಿದುಕೊಳ್ಳುತ್ತಾರೆ. ಕೈಯಲ್ಲಿ ಕಾಸಿಲ್ಲದಿದ್ದರೂ ಹಸು ಉಪವಾಸ ಬೀಳುವುದಿಲ್ಲ. ಹಸು ದಿನಾ ಹಾಲು ಕೊಡುತ್ತದೆ, ಕುರಿ ವರ್ಷಕ್ಕೊಮ್ಮೆ ಎರಡು ಸಲ ದುಡ್ಡು ತೋರಿಸುತ್ತದೆ, ವ್ಯತ್ಯಾಸ ಇಷ್ಟೇ. ಅಷ್ಟಕ್ಕೇ ಹಸುವಿಗೆ ಸಾಲ ಹುಟ್ಟುತ್ತದೆ, ಕುರಿಗೆ ಹುಟ್ಟುವುದಿಲ್ಲ.

ಕುರಿಗೂ ಈ ಏರ್ಪಾಡು ಆಗಬೇಕು. ಕುರಿ ಮತ್ತು ಉಣ್ಣೆ ಉತ್ಪಾದಕರ ಸಹಕಾರ ಸಂಘಗಳು ರಾಜ್ಯದಲ್ಲಿ ಇವೆ, ಮೇಲೆ ಒಂದು ಅಭಿವೃದ್ಧಿ ನಿಗಮವೂ ಇದೆ. ಸಂಕ್ರಾಂತಿ ಹೊತ್ತಿಗೆ ಗಬ್ಬದ ಕುರಿ ಎಣಿಸಿ ತಲೆಗೆ 15 ಕಿಲೊ ಕಾಳು ಕೊಡಲಿ. ಮರಿ ಮಾರಿದಾಗ ಹಣ ಮುರಿದುಕೊಳ್ಳಲಿ. ದಾನ ಬೇಡ, ಸಾಲ ಸಾಕು. ಗಬ್ಬದ ಕುರಿ ಕಣ್ಣಿಗೆ ಕಾಣುತ್ತದೆ, ಎಣಿಸಬಹುದು. ಸತ್ತ ಮರಿಯ ಕಾಗದದಷ್ಟು ರಗಳೆ ಇಲ್ಲ. ಪೇಟೆಯ ಅಂಗಡಿಯವರೂ ಯೋಚಿಸಬಹುದು. ಮರಿ ಸತ್ತ ಮೇಲೆ ಬಾಕಿ ಕೇಳುತ್ತ ಕೂರುವುದಕ್ಕಿಂತ, ಮರಿ ಹುಟ್ಟುವ ಮುಂಚೆ ಒಂದು ಮೂಟೆ ಜೋಳ ಉದ್ದರಿ ಕೊಡುವುದು ಒಳ್ಳೆಯ ವ್ಯಾಪಾರ. ಪಾಲಿಗೆ ಕುರಿ ಬಿಟ್ಟವರಿಗಂತೂ ಇದು ತಮ್ಮದೇ ಗಂಟು.

ತಳಿ ಸುಧಾರಣೆಯ ಮಾತು ಬಹಳ ಕೇಳಿದ್ದೇವೆ. ಮಳವಳ್ಳಿ ಕಡೆಯ ಬಂಡೂರು ಕುರಿ ಊರೂರಿಗೆ ಹೆಸರು ಮಾಡಿದೆ, ಅದಕ್ಕಾಗಿ ಧನಗೂರಿನಲ್ಲಿ ಸರ್ಕಾರಿ ಸಂವರ್ಧನಾ ಕೇಂದ್ರವೇ ಇದೆ. ಒಳ್ಳೆಯ ಟಗರು ಬರಲಿ. ಆದರೆ ಬಂಡೂರು ಟಗರಿನ ಮರಿಯಾದರೂ ತಾಯಿ ಕೆಚ್ಚಲಲ್ಲಿ ಹಾಲಿಲ್ಲದಿದ್ದರೆ ಉಳಿಯುವುದಿಲ್ಲ.

ಮಳೆ ಬಿದ್ದ ಮೇಲೂ ಎಚ್ಚರ

ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತಾರೆ ಹಿರಿಯರು. ನಿಜ. ಆದರೆ ಎರಡು ತಿಂಗಳು ಹಸಿದ ಮರಿ ಒಮ್ಮೆಲೇ ಎಳೆ ಹುಲ್ಲಿಗೆ ಬಿದ್ದಾಗ ಕರುಳು ಬೇನೆ ಬರುತ್ತದೆ. ಸಂಜೆ ಕುಣಿದಾಡಿದ್ದ ಮರಿ, ಅದರಲ್ಲೂ ಪುಷ್ಟಿಯಾದದ್ದೇ, ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ಇದಕ್ಕೆ ಲಸಿಕೆ ಇದೆ. ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲೇ ತಯಾರಾಗುತ್ತದೆ. ಈಯುವ ಒಂದು ತಿಂಗಳ ಮುಂಚೆ ತಾಯಿಗೆ ಹಾಕಿಸಿದರೆ ಗಿಣ್ಣಿನ ಮೂಲಕ ಮರಿಗೂ ರಕ್ಷಣೆ. ಮಳೆಗೆ ಮುಂಚೆ ಮರಿಗಳಿಗೂ ಹಾಕಿಸಬೇಕು. ಕಾಳು ಕೊಡುವ ದಿನವೇ ಲಸಿಕೆಯನ್ನೂ ಹಾಕಿದರೆ ಒಂದೇ ಓಡಾಟಕ್ಕೆ ಎರಡು ಕೆಲಸ ಮುಗಿದೀತು. ಮುಂಗಾರಿನ ಎಳೆ ಜೋಳದ ಪೈರಿಗೆ ಹಸಿದ ಕುರಿ ಬಿಡಬೇಡಿ, ಅದರಲ್ಲಿ ವಿಷವಿರುತ್ತದೆ. ಹುಟ್ಟಿದ ಮರಿಯ ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಕುರಿ ಈಯಲು ತಿಣುಕಿದರೆ ಕೈ ಹಾಕುವ ಮೊದಲು 1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸಿನ ನಂಬರ್ ಅದು.

ಮುಂದಿನ ಬಜೆಟ್ಟಿಗೆ ಮುಂಚೆ ‘ಅನುಗ್ರಹ’ದ ಮೊತ್ತ ಇನ್ನಷ್ಟು ಏರಿಸಿ ಎಂಬ ಕೂಗು ಬಂದೇ ಬರುತ್ತದೆ. ಸತ್ತ ಕುರಿಯ ಬೆಲೆ ಏರಿಸುವುದು ಸುಲಭ, ಭಾಷಣಕ್ಕೂ ಒಳ್ಳೆಯದು. ಬದುಕುವ ಕುರಿಗೆ 15 ಕಿಲೊ ಕಾಳು ಹೊಂದಿಸುವುದಕ್ಕೆ ಒಂದು ಸಹಕಾರ ಸಂಘ, ಒಂದು ತೂಕದ ಯಂತ್ರ, ಒಂದು ಲೆಕ್ಕದ ಪುಸ್ತಕ ಬೇಕು. ಅಷ್ಟನ್ನು ಸಂಕ್ರಾಂತಿಯೊಳಗೆ ಜೋಡಿಸಲು ಪಶುಪಾಲನಾ ಇಲಾಖೆಯವರೂ, ನಮ್ಮ ಜನಪ್ರತಿನಿಧಿಗಳೂ ಮನಸ್ಸು ಮಾಡುವರೇ? ಇಲ್ಲ, ಶಿವರಾತ್ರಿ ಕಳೆದ ಮೇಲೆ ಮತ್ತೆ ಋಣದ ಮಾತೇ ಗತಿಯೇ?